ಸಹಿ ಯಾರದು?

ನಾಶಿಕದ ದ್ವಾರಕಾ ವೃತ್ತದಿಂದ ಒಳಗೆ ಹೋಗುವ ರಸ್ತೆಯಲ್ಲಿ ಹರಿದಾಸರ ಸಸ್ಯಾಹಾರಿ ಹೋಟೆಲು ಇದೆ. ಆ ಮನೆಯವರು ತಮ್ಮ ಸುದ್ದಿಯನ್ನು ಯಾರಿಗೂ ಫೋನು ಮಾಡಿ ತಿಳಿಸಬೇಕಾಗಿಲ್ಲ. ಮನೆಯಲ್ಲಿ ಒಳ್ಳೆಯದೇನಾದರೂ ಆದರೆ ಅವತ್ತು ಪ್ರತಿ ತಟ್ಟೆಗೂ ಒಂದು ಚಮಚ ಅನಾನಸ್ ಶಿರಾ ಪುಕ್ಕಟೆ. ಮಗ ವರುಣನ ಮದುವೆ ನಿಶ್ಚಯವಾದಾಗ ಹಾಗೆ ಮಾಡಿದ್ದರು. ಮೊಮ್ಮಗಳು ಪೂಜಿತಾ ಹುಟ್ಟಿದಾಗಲೂ, ಛತ್ರಪತಿ ಸಂಭಾಜಿನಗರದಲ್ಲಿ ಎರಡನೇ ಹೋಟೆಲು ತೆರೆದಾಗಲೂ ಮಾಡಿದ್ದರು. ಖಾಯಂ ಗಿರಾಕಿಗಳು ಇಡ್ಲಿಯ ಪಕ್ಕದಲ್ಲಿ ಹಳದಿ ಶಿರಾ ಕಂಡ ಕೂಡಲೇ ಗಲ್ಲಾದ ಕಡೆಗೆ ಕತ್ತು ತಿರುಗಿಸಿ, "ಕಾಯ್ ಅಣ್ಣಾ, ಏನು ವಿಶೇಷ?" ಎಂದು ಕೇಳುತ್ತಾರೆ. ಹರಿದಾಸರು ಹೇಳುತ್ತಾರೆ. ಯಾರಾದರೂ ಕೇಳಲಿ ಎಂದೇ ಬೆಳಗಿನಿಂದ ಕಾಯುತ್ತಿರುತ್ತಾರೆ.

ಈ ಸಲದ ಶಿರಾ ಸೊಸೆ ಶ್ರೀಜಾಳ ಲೆಕ್ಕದ್ದು. ಹಿಂದಿನ ದಿನ ಅವಳು ಒಗ್ಗರಣೆಯ ವಾಸನೆ ತಡೆಯಲಾಗದೆ ಬಚ್ಚಲಿಗೆ ಓಡಿದ್ದಳು. ಅತ್ತೆ ಕುಸುಮಾವತಿ ಹಿಂದೆಯೇ ಹೋಗಿ ಕೇಳಿದಾಗ, "ಕಡ್ಡಿಯಲ್ಲಿ ಎರಡು ಗೆರೆ ಬಂತು ಅತ್ತೆ. ಸದ್ಯಕ್ಕೆ ಯಾರಿಗೂ ಹೇಳ್ಬೇಡಿ" ಎಂದಿದ್ದಳು. ಕುಸುಮಾವತಿ ಮಾತಿಗೆ ತಪ್ಪುವ ಹೆಂಗಸಲ್ಲ. ಯಾರಿಗೂ ಹೇಳಲಿಲ್ಲ. ಕಟ್ಟಿಕೊಂಡ ಗಂಡ ಯಾರೋ ಹೊರಗಿನವರಲ್ಲವಲ್ಲ ಎಂದು ಹರಿದಾಸರಿಗೆ ಮಾತ್ರ ಹೇಳಿದರು.

ಮರುದಿನ ಶ್ರೀಜಾ ಚಟ್ನಿಯ ರುಚಿ ನೋಡಲು ಮಹಡಿಯ ಮನೆಯಿಂದ ಕೆಳಗೆ ಹೋಟೆಲಿಗೆ ಇಳಿದರೆ ಮೂರು ಮೇಜುಗಳಿಂದ ಅಭಿನಂದನೆ ಬಂತು. ಎದುರು ಅಂಗಡಿಯ ಮುದುಕಿ ತಲೆ ಸವರಿ, ಈ ಸಲ ಗಂಡೇ ಎಂದು ಹರಸಿದಳು. ಅಷ್ಟರಲ್ಲಿ ಹೋಟೆಲಿಗೆ ಅಕ್ಕಿ ಹಾಕುವ ಘೋಟಿ ಊರಿನ ವ್ಯಾಪಾರಿ ಶಿರಾ ತಿಂದು, ಸಂಭಾಜಿನಗರದ ಹೋಟೆಲು ನೋಡಿಕೊಳ್ಳುತ್ತಿದ್ದ ವರುಣನಿಗೆ ಫೋನು ಮಾಡಿ ಶುಭಾಶಯ ಹೇಳಿಯೂ ಆಗಿತ್ತು. ಗಂಡನಿಗೆ ಹೆಂಡತಿ ಬಸುರಿ ಎಂದು ತಿಳಿದದ್ದು ಅಕ್ಕಿ ವ್ಯಾಪಾರಿಯಿಂದ.

ಹೋಟೆಲಿನವರ ಮನೆಯಲ್ಲಿ ಮಧ್ಯಾಹ್ನದ ಊಟವೆಂದರೆ ಗಿರಾಕಿಗಳ ಗದ್ದಲವೆಲ್ಲ ಮುಗಿದ ಮೇಲೆ. ಮಹಡಿಯ ಮೇಲೆ ಎಲ್ಲರೂ ತಟ್ಟೆ ಹಾಕಿಕೊಂಡು ಕೂತಾಗ ಶ್ರೀಜಾ ಕೇಳಿದಳು.

"ಮಾವ, ಶಿರಾ ಹಂಚುವ ಮೊದಲು ನನ್ನನ್ನು ಒಂದು ಮಾತು ಕೇಳ್ಬಹುದಿತ್ತು."

"ಎಂತ ಮಾರಾಯ್ತಿ, ಖುಷಿ ಪಡ್ಲಿಕ್ಕೂ ಅಪ್ಪಣೆ ಬೇಕಾ?"

"ನಂಗೆ ಈಗ ಮಗು ಬೇಡ."

ಕುಸುಮಾವತಿಯವರ ಕೈಯಲ್ಲಿ ಸಾರಿನ ಸೌಟು ಹಾಗೇ ನಿಂತಿತು.

"ಬೇಡ ಅಂದ್ರೆ?" ಹರಿದಾಸರು ಕೇಳಿದರು.

"ಪೂಜಿತಾಗೆ ಇನ್ನೂ ಎರಡು ತುಂಬ್ಲಿಲ್ಲ. ಬರುವ ತಿಂಗಳು ಸಂಭಾಜಿನಗರದ ಅಡುಗೆಮನೆ ನಾನು ನೋಡ್ಕೊಳ್ಳುದು ಅಂತ ನೀವೇ ಹೇಳಿದ್ದು. ಇವರು ಅಲ್ಲಿ ಗಲ್ಲಾದಲ್ಲಿ ಕೂತು, ಸಾಂಬಾರಿಗೆ ಬೆಲ್ಲ ಹೆಚ್ಚಾಯ್ತಾ ಕಡ್ಮೆಯಾಯ್ತಾ ಅಂತ ದಿನಾ ನಂಗೆ ಫೋನ್ ಮಾಡ್ತಾರೆ."

"ಅಡುಗೆಮನೆ ಎಲ್ಲಿಗೂ ಓಡಿಹೋಗುದಿಲ್ಲ."

"ನಾನೂ ಎಲ್ಲಿಗೂ ಹೋಗುದಿಲ್ಲ ಮಾವ, ಈಗ ಇನ್ನೊಂದಾದ್ರೆ. ಈ ಮಹಡಿಯಲ್ಲೇ ಇರ್ತೇನೆ."

ಹರಿದಾಸರು ಅನ್ನ ಕಲಸುವುದನ್ನು ನಿಲ್ಲಿಸಿದರು. "ಕೂಸು ತೆಗೆಸುದು ಅಪರಾಧ. ಪೂಜಿತಾ ಹೊಟ್ಟೆಯಲ್ಲಿರುವಾಗ ನಿನ್ನ ಜೊತೆ ಎಷ್ಟು ಸಲ ಬಂದಿದ್ದೇನೆ ಆಸ್ಪತ್ರೆಗೆ. ಗೋಡೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರ್ದು ಹಾಕಿದ್ದಾರೆ, ಜೈಲು ಅಂತ."

ಈ ಮಾತಿಗೆ ಮಗಳು ಹರ್ಷಿಣಿ ತಲೆಯೆತ್ತಿದಳು. ಇಪ್ಪತ್ತು ವರ್ಷ, ಬಿ.ಕಾಂ. ಕೊನೆಯ ವರ್ಷ. ಹುಟ್ಟಿ ಬೆಳೆದದ್ದು ನಾಶಿಕದಲ್ಲೇ ಆದ್ದರಿಂದ ಅಪ್ಪ ಅಮ್ಮನ ಕರಾವಳಿ ಊರು ಸಾಲಿಗ್ರಾಮದ ಕಡೆಯ ಮನೆಮಾತು ಅವಳ ಬಾಯಲ್ಲಿ ಅರ್ಧ ದಾರಿಗೇ ಮರಾಠಿಯಾಗುತ್ತದೆ.

"ಅಪ್ಪಾ, ತೇ ವೇಗಳಂ ಆಹೆ. ಅದು ಬೇರೆ. ಗಂಡಾ ಹೆಣ್ಣಾ ಅಂತ ಮೊದಲೇ ನೋಡೋದು ಕ್ರೈಮ್. ಅತ್ತಿಗೆ ಹೇಳೋದು ಲೀಗಲ್. ಕಾಲೇಜಲ್ಲಿ ಮ್ಯಾಡಮ್ ಹೇಳಿದ್ದಾರೆ."

"ಕಾಲೇಜಂತೆ, ಮ್ಯಾಡಮ್ಮಂತೆ. ನಿನ್ನ ಅಮ್ಮನೂ ಒಂದು ಸಲ ಹೀಗೇ ಹಟ ಹಿಡಿದು ಕೂತಿದ್ಲು. ಡಾಕ್ಟ್ರು ನನ್ನ ಸಹಿ ಕೇಳಿದ್ರು, ನಾನು ಹಾಕ್ಲಿಲ್ಲ. ಹಾಕಿದ್ದಿದ್ರೆ ಇವತ್ತು ನೀನು ಇಲ್ಲಿ ಕೂತು ನಂಗೆ ಪಾಠ ಹೇಳ್ತಿರ್ಲಿಲ್ಲ."

ವಾದ ಗೆದ್ದ ಸಮಾಧಾನದಲ್ಲಿ ಹರಿದಾಸರು ಮಜ್ಜಿಗೆಗೆ ಕೈ ಚಾಚಿದರು. ಗೆದ್ದದ್ದು ಯಾರ ಮೇಲೆ ಎಂಬುದನ್ನು ನೋಡಲಿಲ್ಲ. ಹರ್ಷಿಣಿ ಅಮ್ಮನ ಮುಖ ನೋಡಿದಳು, ಕುಸುಮಾವತಿ ಸಾರಿನ ಪಾತ್ರೆಯ ಒಳಗೆ ನೋಡಿದರು. ಪೂಜಿತಾ ಒಬ್ಬಳೇ ಹಪ್ಪಳ ಮುರಿಯುತ್ತ ಕೂತಿದ್ದಳು.

ಅವತ್ತಿನಿಂದ ಮಾವ ಸೊಸೆಯ ನಡುವೆ ಮಾತು ನಿಂತಿತು. ಕೆಲಸ ನಿಲ್ಲುವ ಹಾಗಿರಲಿಲ್ಲ. ಹರಿದಾಸರು ಮೊಮ್ಮಗಳನ್ನು ಎತ್ತಿಕೊಂಡು, "ನಿನ್ನ ಅಮ್ಮನಿಗೆ ಹೇಳು, ದೋಸೆ ಹಿಟ್ಟು ಹುಳಿ ಬಂದಿಲ್ಲ" ಎನ್ನುವರು. ಶ್ರೀಜಾ ಅದೇ ಮಗುವಿನ ಕೆನ್ನೆ ಒರೆಸುತ್ತ, "ಅಜ್ಜಯ್ಯನಿಗೆ ಹೇಳು, ನಿನ್ನೆಯಿಂದ ಚಳಿ ಜಾಸ್ತಿ" ಎನ್ನುವಳು. ಮಾತಾಡಲು ಇನ್ನೂ ಸರಿಯಾಗಿ ಬಾರದ ಪೂಜಿತಾ ಇಬ್ಬರನ್ನೂ ನೋಡಿ ನಗುತ್ತಿದ್ದಳು. ವರುಣನ ಫೋನು ದಿನಾ ಬರುತ್ತಿತ್ತು. "ಅಮ್ಮ, ನೀನಾದ್ರೂ ಅವಳಿಗೆ ಹೇಳು. ನಾನು ಸಹಿ ಹಾಕುದಿಲ್ಲ, ಮುಗೀತು." ಶ್ರೀಜಾಳ ಜೊತೆ ಮಾತಾಡುವಾಗ ಮಾತ್ರ ಅವನು ಬೆಲ್ಲದ ವಿಷಯವನ್ನೇ ಕೇಳುತ್ತಿದ್ದ.

ಹರ್ಷಿಣಿ ಬಿಡುವ ಜಾತಿಯಲ್ಲ. ಅಮ್ಮ ಬೀನ್ಸ್ ಹೆಚ್ಚಲು ಕೂತಾಗ ಎದುರಿಗೆ ಕೂತಳು.

"ಅಮ್ಮ, ಆಗ ಯಾವ ಆಸ್ಪತ್ರೆಗೆ ಹೋಗಿದ್ದೆ?"

"ನಾರು ಸರಿಯಾಗಿ ತೆಗಿ."

"ನಿಂಗೆ ನಾನು ನಕೋ ಆಗಿದ್ನಾ? ಬೇಡವಾಗಿದ್ನಾ?"

"ತುದಿ ಅಷ್ಟು ದೊಡ್ಡದಾಗಿ ಮುರೀಬೇಡ. ಅರ್ಧ ಬೀನ್ಸ್ ಕಸಕ್ಕೆ ಹೋಗ್ತದೆ."

"ನಾನು ಸಿಟ್ಟಲ್ಲಿ ಕೇಳ್ತಿಲ್ಲಮ್ಮ. ಗೊತ್ತಾಗ್ಬೇಕು ಅಂತ ಕೇಳ್ತಿದ್ದೇನೆ."

ಕುಸುಮಾವತಿ ಎದ್ದು ಒಲೆಯ ಮೇಲೆ ಏನೂ ಇಲ್ಲದಿದ್ದರೂ ಒಲೆ ನೋಡಲು ಹೋದರು.

ಹಾಗೆ ನೋಡಿದರೆ ಕುತೂಹಲ ಅವರಿಗೂ ಕಡಿಮೆಯಿರಲಿಲ್ಲ. ಮಗಳಿಗೆ ಆ ಗುಣ ಬಂದದ್ದೇ ಅವರಿಂದ. ಅಂದು ಊಟದ ಹೊತ್ತಿನಲ್ಲಿ ಹರ್ಷಿಣಿ ಹೇಳಿದ ಲೀಗಲ್ ಎಂಬ ಮಾತು ಅವರ ತಲೆಯಲ್ಲಿ ಕೂತುಬಿಟ್ಟಿತ್ತು. ಶ್ರೀಜಾ ಪೂಜಿತಾಳ ಸಲ ಹೋಗುತ್ತಿದ್ದ ಹತ್ತಿರದ ನರ್ಸಿಂಗ್ ಹೋಮಿಗೆ ಹೊರಟಾಗ, ಯಾರೂ ಕರೆಯದಿದ್ದರೂ ಸೀರೆ ಬದಲಿಸಿ ಚೀಲ ಹಿಡಿದು ನಿಂತರು.

"ನೀವು ಯಾಕೆ ಅತ್ತೆ?"

"ನಾನು ನಿನ್ನ ಕಡೆಯವಳು ಅಂತ ತಿಳ್ಕೊಳ್ಬೇಡ. ಅವರ ಕಡೆಯವಳೂ ಅಲ್ಲ. ನಂಗೆ ಆ ಗೋಡೆ ಒಂದು ಸಲ ನೋಡ್ಬೇಕು."

ಗೋಡೆಯ ಬೋರ್ಡನ್ನು ಅವರು ಬೆರಳಿಟ್ಟು ಮರಾಠಿಯಲ್ಲಿ ಮೊದಲಿನಿಂದ ಕೊನೆಯವರೆಗೆ ಓದಿದರು. ಗರ್ಭದಲ್ಲಿರುವುದು ಗಂಡೋ ಹೆಣ್ಣೋ ಎಂದು ಪತ್ತೆ ಮಾಡುವುದು ಅಪರಾಧ ಎಂದಿತ್ತು. ಬೇರೇನೂ ಇರಲಿಲ್ಲ. ಗಂಡ ಇಷ್ಟು ದಿನ ಅರ್ಧ ಬೋರ್ಡು ಓದಿ ಪೂರ್ತಿ ಕಾನೂನು ಮಾಡಿಕೊಂಡಿದ್ದಾರೆ ಎಂದು ಅವರಿಗೆ ನಗು ಬಂತು.

ನಗು ಹೆಚ್ಚು ಹೊತ್ತು ಉಳಿಯಲಿಲ್ಲ. ಕೌಂಟರಿನ ಹುಡುಗಿ ಶ್ರೀಜಾಳ ಹೆಸರು ಬರೆದುಕೊಂಡು, "ಮಿಸ್ಟರ್ ಎಲ್ಲಿ? ಅವರ ಸಹಿ ಇಲ್ಲದೆ ಇಲ್ಲಿ ಮಾಡುವುದಿಲ್ಲ" ಎಂದಳು.

"ಇದು ಯಾರ ನಿಯಮ?" ಕುಸುಮಾವತಿ ಕೇಳಿದರು.

"ನಮ್ಮ ಆಸ್ಪತ್ರೆಯದ್ದು, ಮಾವಶಿ."

"ಸರ್ಕಾರದ್ದಾ?"

"ನಾಳೆ ಗಂಡಸರು ಬಂದು ಗಲಾಟೆ ಮಾಡಿದರೆ ನಾವು ಉತ್ತರ ಕೊಡಬೇಕಲ್ಲ."

"ನಾನು ಕೇಳಿದ್ದು ಅದಲ್ಲ ಮಗಾ. ಸರ್ಕಾರದ್ದಾ ಅಂತ."

ಹುಡುಗಿ ಮುಂದಿನ ಹೆಸರು ಕರೆದಳು. ಹೊರಗೆ ಬಂದಾಗ ಶ್ರೀಜಾಳ ಕಣ್ಣು ತುಂಬಿತ್ತು. ಆಟೋದಲ್ಲಿ ಅವಳು ಒಂದೇ ಮಾತು ಆಡಿದ್ದು. "ನನ್ನ ಹೊಟ್ಟೆ ಅತ್ತೆ. ಅಕ್ಕಿ ವ್ಯಾಪಾರಿಗೆ ಕೂಡ ನನಗಿಂತ ಹೆಚ್ಚು ಹಕ್ಕು ಉಂಟು ಅನ್ನಿಸ್ತಾ ಉಂಟು." ಕುಸುಮಾವತಿಗೆ ತಾನು ಗಂಡನ ಕಿವಿಯಲ್ಲಿ ಹೇಳಿದ ಮಾತು ನೆನಪಾಗಿ ಮುಖ ಬಿಸಿಯಾಯಿತು.

ಮರುದಿನ ತಿಂಡಿಯ ಹೊತ್ತಿಗೆ ಅವರು ಗಂಡನಿಗೆ ಹೇಳಿದರು. "ಹ್ವಾಯ್, ಸಂಭಾಜಿನಗರದಲ್ಲಿ ಸಾಂಬಾರು ಪುಡಿ ಮುಗೀತಾ ಬಂತಂತೆ. ನಾನು ಹೋಗಿ ಹುರಿದು ಬರ್ತೇನೆ. ಶ್ರೀಜಾನೂ ಮಗುವೂ ಬರ್ಲಿ."

ಎರಡು ಹೋಟೆಲಿಗೂ ಸಾಂಬಾರು ಪುಡಿಯ ಅಳತೆ ಗೊತ್ತಿದ್ದದ್ದು ಕುಸುಮಾವತಿ ಒಬ್ಬರಿಗೇ. ಆ ಅಳತೆ ಅವರು ಗಂಡನಿಗೂ ಹೇಳಿರಲಿಲ್ಲ. ಹಾಗಾಗಿ ಪುಡಿಯ ವಿಷಯ ಬಂದರೆ ಹರಿದಾಸರಿಗೆ ಬೇಡ ಎನ್ನುವ ಬಾಯಿಯಿಲ್ಲ.

"ಪುಡಿಗೆ ಹೋಗುದಾ, ಬೇರೆ ಎಂತಕ್ಕಾದ್ರೂ ಹೋಗುದಾ?"

"ಪುಡಿಗೂ ಹೋಗುದು" ಎಂದರು ಕುಸುಮಾವತಿ.

ಎಸ್‌ಟಿ ಬಸ್ಸು ಯೇವಲಾ ದಾಟುವವರೆಗೆ ಪೂಜಿತಾ ಅಜ್ಜಿಯ ಮಡಿಲಲ್ಲಿ ಮಲಗಿದ್ದಳು. ಶ್ರೀಜಾ ಕಿಟಕಿಗೆ ತಲೆ ಕೊಟ್ಟು ಕೂತಿದ್ದಳು.

"ಕಾರಣ ಎಂತ ಹೇಳ್ತಿ ಅವನಿಗೆ?" ಅತ್ತೆ ಕೇಳಿದರು.

"ಬೇಡ ಅನ್ನುದು ಕಾರಣ ಅಲ್ವಾ ಅತ್ತೆ?"

"ಗಂಡಸರಿಗೆ ಅದು ಕಾರಣ ಅಂತ ಕಾಣುದಿಲ್ಲ."

"ನಿಮಗೆ ಕಾಣ್ತದಾ?"

ಕುಸುಮಾವತಿ ಮೊಮ್ಮಗಳ ಕಾಲಿನ ಸಾಕ್ಸು ಸರಿ ಮಾಡಿದರು.

ಸಂಭಾಜಿನಗರದ ಸಿಡ್ಕೋ ಬಡಾವಣೆಯ ಹೊಸ ಹೋಟೆಲಿನಲ್ಲಿ ವರುಣ ತಾನೇ ಬಡಿಸಿದ. ಮಗಳನ್ನು ಗಲ್ಲಾದ ಮೇಲೆ ಕೂರಿಸಿ ಗಿರಾಕಿಗಳಿಗೆಲ್ಲ ತೋರಿಸಿದ. ಒಳ್ಳೆಯ ಹುಡುಗ, ಅದರಲ್ಲಿ ಸುಳ್ಳಿಲ್ಲ. ಸಾಂಬಾರು ಮಾತ್ರ ಪಾಯಸದ ಹಾಗೆ ಸಿಹಿಯಾಗಿತ್ತು. ಶ್ರೀಜಾ ಒಂದು ತುತ್ತು ಬಾಯಿಗಿಟ್ಟು ಎದ್ದು ನೇರ ಅಡುಗೆಮನೆಗೆ ಹೋಗಿ, ಹುಣಸೆ ರಸ ಹಾಕಿಸಿ, ಕುದಿಸಿ, ವಾಪಸ್ಸು ಬಂದು ಊಟ ಮುಂದುವರಿಸಿದಳು. ಎರಡನೇ ಸಲ ಬಂದ ಸಾಂಬಾರು ತಿಂದು ವರುಣ ಇನ್ನೊಂದು ಸೌಟು ಹಾಕಿಕೊಂಡ.

ಹೋಟೆಲಿನ ಹಿಂದಿನ ಬಾಡಿಗೆ ಮನೆಯಲ್ಲಿ ಮಾತು ಶುರುವಾಯಿತು. ಕುಸುಮಾವತಿ ಕೊತ್ತಂಬರಿ ಹುರಿಯುತ್ತಿದ್ದರು. ಬಾಗಿಲು ತೆರೆದೇ ಇತ್ತು.

"ಅದು ನಂದೂ ಅಲ್ವಾ ಶ್ರೀಜಾ?"

"ನಿಮ್ಮದೂ ಹೌದು. ಅದಕ್ಕೇ ಬಸ್ಸು ಹತ್ತಿ ಬಂದು ಹೇಳ್ತಾ ಇರುದು. ಕೇಳ್ಲಿಕ್ಕೆ ಬಂದದ್ದಲ್ಲ."

"ನನ್ನ ಮಾತಿಗೆ ಬೆಲೆಯೇ ಇಲ್ವಾ ಹಾಗಾದ್ರೆ?"

"ಉಂಟು. ಪೂಜಿತಾ ಹುಟ್ಟಿದ ಮೇಲೆ ಎಷ್ಟು ದಿನ ನೀವು ಅವಳನ್ನ ಮಲಗಿಸಿದ್ದೀರಿ, ಹೇಳಿ."

"ನಾನು ಇಲ್ಲಿದ್ದೆ. ಹೋಟೆಲು ನೋಡ್ಬೇಕಲ್ಲ."

"ಅದೇ. ನೀವು ಇಲ್ಲಿದ್ರಿ. ನೀವು ಕೆಟ್ಟವರು ಅಂತಲ್ಲ. ಇನ್ನೊಂದು ಬಂದ್ರೂ ನೀವು ಇಲ್ಲೇ ಇರ್ತೀರಿ, ನಾನು ಅಲ್ಲೇ ಇರ್ತೇನೆ. ಮುಂದೆ ಯಾವತ್ತಾದ್ರೂ ಬೇಕು ಅನ್ನಿಸಿದ್ರೆ ನಾನೇ ಬಾಯಿಬಿಟ್ಟು ಹೇಳ್ತೇನೆ. ಈಗ ಬೇಡ."

ವರುಣ ದನಿ ತಗ್ಗಿಸಿ, "ಜನ ಎಂತ ಹೇಳ್ತಾರೆ? ನಾಶಿಕದಲ್ಲಿ ಎಲ್ರಿಗೂ ಗೊತ್ತಾಗಿದೆ" ಎಂದ.

"ಗೊತ್ತು ಮಾಡಿದ್ದು ನಾನಲ್ಲ."

ಒಲೆಯ ಮುಂದೆ ಕೊತ್ತಂಬರಿ ಸ್ವಲ್ಪ ಹೆಚ್ಚೇ ಕೆಂಪಾಯಿತು. ಕುಸುಮಾವತಿಯ ಕೈಯಲ್ಲಿ ಹುರಿತ ಹೆಚ್ಚಾದದ್ದು ಅಪರೂಪ.

ಮಾರನೆಯ ದಿನ ಅತ್ತೆ ಸೊಸೆ ಹೋದದ್ದು ಜಾಲನಾ ರಸ್ತೆಯ ಕಡೆಯ ಒಬ್ಬ ಡಾಕ್ಟರಮ್ಮನ ಹತ್ತಿರ. ಡಾಕ್ಟರಮ್ಮ ಮೊದಲು ಕುಸುಮಾವತಿಯನ್ನು ಹೊರಗೆ ಕೂರಲು ಹೇಳಿದರು. ತಾನು ಅಷ್ಟು ದೂರದಿಂದ ಕೇಳಲೆಂದೇ ಬಂದವಳು ಎಂದು ಕುಸುಮಾವತಿ ಗೊಣಗಿದರು. ಡಾಕ್ಟರಮ್ಮ ಜಗ್ಗಲಿಲ್ಲ. ಅರ್ಧ ಗಂಟೆಯ ಮೇಲೆ ಬಾಗಿಲು ತೆರೆಯಿತು.

"ನಿಮ್ಮ ಸೊಸೆಯೇ ನಿಮ್ಮನ್ನು ಕರೆಯಲು ಹೇಳಿದರು. ಬನ್ನಿ ಕಾಕೂ."

ಶ್ರೀಜಾಳ ಮುಖ ಆ ವಾರಗಳಲ್ಲಿ ಮೊದಲ ಸಲ ಸಡಿಲವಾಗಿತ್ತು. "ಎಂಟು ವಾರ ಅತ್ತೆ. ಮಾತ್ರೆಯಲ್ಲೇ ಆಗ್ತದಂತೆ."

"ಸಹಿ?"

"ನಾನು ಹಾಕಿದೆ."

"ಗಂಡನದ್ದು?"

ಡಾಕ್ಟರಮ್ಮ ಉತ್ತರ ಕೊಟ್ಟರು. "ಬೇಡ. ಹದಿನೆಂಟು ದಾಟಿದ ಹೆಂಗಸಿನ ಒಪ್ಪಿಗೆ ಒಂದೇ ಸಾಕು. ಇವರು ಬಳಸುತ್ತಿದ್ದ ಗರ್ಭನಿರೋಧಕ ಕೈಕೊಟ್ಟಿದೆ, ಅದಕ್ಕೆ ಕಾನೂನಿನಲ್ಲಿ ಅವಕಾಶ ಇದೆ. ವಾರಗಳ ಮಿತಿ ಇದೆ, ಡಾಕ್ಟರು ನೋಡಿ ಒಪ್ಪಬೇಕು. ಗಂಡ, ಮಾವ, ಅತ್ತೆ, ಇವರ ಸಹಿಗೆ ಅಲ್ಲಿ ಜಾಗವೇ ಇಲ್ಲ."

"ಇದು ಮೊನ್ನೆ ಮೊನ್ನೆ ಬಂದ ಕಾನೂನಾ?"

"ತಿದ್ದುಪಡಿ ಈಚೆಗೆ ಆಯಿತು. ಮೂಲ ಕಾನೂನು ಎಪ್ಪತ್ತೊಂದರದ್ದು. ಹೆಂಗಸಿನ ಒಪ್ಪಿಗೆ ಸಾಕು ಎನ್ನುವುದು ಆಗಿನಿಂದ ಇದೆ."

"ಎಪ್ಪತ್ತೊಂದು ಅಂದ್ರೆ, ನಾನಿನ್ನೂ ಶಾಲೆಗೆ ಸೇರಿರ್ಲಿಲ್ಲ." ಕುಸುಮಾವತಿ ಸೆರಗಿನ ತುದಿ ಹಿಡಿದುಕೊಂಡರು. "ಇಪ್ಪತ್ತು ವರ್ಷದ ಹಿಂದೆ ಒಬ್ಬಳು ಡಾಕ್ಟ್ರ ಹತ್ತಿರ ಹೋಗಿದ್ರೆ, ಅವಳ ಮದುವೆಯೂ ಆಗಿದ್ರೆ, ಆಗಲೂ ಗಂಡನ ಸಹಿ ಬೇಕಿರ್ಲಿಲ್ವಾ?"

"ಬೇಕಿರಲಿಲ್ಲ."

"ಡಾಕ್ಟ್ರು ಕೇಳಿದ್ರಲ್ಲ."

"ಈಗಲೂ ಕೇಳುತ್ತಾರೆ ಕಾಕೂ."

ಶ್ರೀಜಾ ಅತ್ತೆಯ ಕೈ ಹಿಡಿದಳು. ಕುಸುಮಾವತಿ ಅಳಲಿಲ್ಲ. ಅವರಿಗೆ ಸಿಟ್ಟು ಬಂದಿತ್ತು. ತನ್ನದೇ ಆಗಿದ್ದ ವಸ್ತುವೊಂದು ಅಷ್ಟು ವರ್ಷ ಬೇರೆಯವರ ಕಪಾಟಿನಲ್ಲಿತ್ತು ಎಂದು ತಿಳಿದವರಿಗೆ ಬರುವ ಸಿಟ್ಟು.

ಹೊರಗೆ ವರುಣ ಬಂದು ನಿಂತಿದ್ದ. ಒಂದು ತೋಳಲ್ಲಿ ಪೂಜಿತಾ, ಇನ್ನೊಂದು ಕೈಯಲ್ಲಿ ಬುತ್ತಿ. ಒಂದೇ ರಾತ್ರಿಯಲ್ಲಿ ಮುಖ ಇಳಿದಿತ್ತು. "ಎಲ್ಲಿ ಸಹಿ ಹಾಕ್ಬೇಕು?" ಎಂದು ಕೇಳಿದ. ಹಾಕುವುದೆಂದು ಮನಸ್ಸು ಮಾಡಿಕೊಂಡು, ಅಷ್ಟು ಕಷ್ಟಪಟ್ಟು ಬಂದಿದ್ದ.

"ನಿಮ್ಮ ಸಹಿ ಬೇಡಂತೆ."

"ಮತ್ತೆ ನಾನು ಎಂತ ಮಾಡ್ಲಿ?"

"ನಾಳಿದ್ದು ಎರಡನೇ ಮಾತ್ರೆ. ಹೊಟ್ಟೆನೋವು ಬರ್ತದಂತೆ. ಮನೆಯಲ್ಲಿರಿ. ಮಗುವನ್ನ ನೋಡ್ಕೊಳ್ಳಿ."

ಎರಡನೇ ಮಾತ್ರೆಯ ದಿನ ವರುಣ ಗಲ್ಲಾವನ್ನು ಕೆಲಸದವರಿಗೆ ಬಿಟ್ಟು ಮನೆಯಲ್ಲಿ ಉಳಿದ. ಗಂಜಿ ಬೇಯಿಸಿದ, ತಳ ಹಿಡಿಸಿದ, ಮತ್ತೆ ಬೇಯಿಸಿದ. ಬಿಸಿನೀರಿನ ಚೀಲ ತುಂಬಿಸಿ ತಂದ. ಮಗಳು ಅಮ್ಮ ಬೇಕೆಂದು ಕಿರುಚಿದಾಗ ಎತ್ತಿಕೊಂಡು ಬಾಲ್ಕನಿಯಲ್ಲಿ ತಿರುಗಿದ. ಶ್ರೀಜಾ ನೋವಿನಲ್ಲಿ ಮುದುಡಿ ಮಲಗಿದ್ದಳು. ಸಂಜೆಯ ಹೊತ್ತಿಗೆ ನೋವು ಇಳಿದು ನಿದ್ದೆ ಬಂತು. ಒಂದು ವಾರ ಕಳೆದು ಡಾಕ್ಟರಮ್ಮ ಎಲ್ಲ ಸರಿಯಾಗಿದೆ ಎಂದರು. ಅದರ ಮಾರನೆಯ ದಿನ ಶ್ರೀಜಾ ಸಿಡ್ಕೋದ ಅಡುಗೆಮನೆಗೆ ಇಳಿದಳು. ನಾಶಿಕಕ್ಕೆ ವಾಪಸ್ಸು ಹೋಗುವ ಬಸ್ಸು ಹತ್ತಿದ್ದು ಕುಸುಮಾವತಿ ಒಬ್ಬರೇ. ಹೊರಡುವ ಮೊದಲು ಸಾಂಬಾರು ಪುಡಿಯ ಅಳತೆಯನ್ನು ಸೊಸೆಗೆ ಬಾಯಲ್ಲಿ ಹೇಳಿಕೊಟ್ಟರು.

ಹರಿದಾಸರು ಹೆಂಡತಿಗಾಗಿ ಕಾದು ಊಟಕ್ಕೆ ಕೂತಿರಲಿಲ್ಲ. ಕುಸುಮಾವತಿ ಬಂದು ಕೈಕಾಲು ತೊಳೆದು ಬಡಿಸಿದರು. ಹರ್ಷಿಣಿ ಕಾಲೇಜಿನಿಂದ ಬಂದವಳು ಬ್ಯಾಗು ಕೆಳಗಿಟ್ಟು ತಟ್ಟೆ ತಂದಳು.

"ಮುಗೀತಾ?" ಹರಿದಾಸರು ತಟ್ಟೆ ನೋಡುತ್ತ ಕೇಳಿದರು.

"ಮುಗೀತು. ಶ್ರೀಜಾ ಚೆನ್ನಾಗಿದ್ದಾಳೆ. ಕೇಳ್ಲಿಲ್ಲ ನೀವು, ಆದ್ರೂ ಹೇಳ್ತೇನೆ."

"ವರುಣ ಸಹಿ ಹಾಕಿದ್ನಾ?"

"ಸಹಿ ಬೇಡಂತೆ. ಅವತ್ತೂ ನಿಮ್ಮ ಸಹಿ ಬೇಕಿರ್ಲಿಲ್ಲವಂತೆ. ನಾನು ನಾಲ್ಕು ದಿನ ನಿಮ್ಮ ಹಿಂದೆ ತಿರುಗಿ ಬೇಡಿದ್ದು, ಅದು ನನ್ನ ಕೈಯಲ್ಲೇ ಇತ್ತು."

ಹರಿದಾಸರು ಅನ್ನವನ್ನು ತಟ್ಟೆಯ ಅಂಚಿಗೆ ಸರಿಸಿದರು. ಆಮೇಲೆ, ಅವರ ದನಿಯೇ ಅಲ್ಲವೇನೋ ಎನ್ನುವಂತೆ ಕೇಳಿದರು. "ಗೊತ್ತಿದ್ದಿದ್ರೆ ಎಂತ ಮಾಡ್ತಿದ್ದೆ?"

ಕುಸುಮಾವತಿ ಮಗಳ ಕಡೆಗೆ ತಿರುಗಿದರು.

"ಹೇಳಮ್ಮ" ಎಂದಳು ಹರ್ಷಿಣಿ.

"ನಂಗೆ ಆಗ ಮೈಯಲ್ಲಿ ಶಕ್ತಿಯೇ ಇರ್ಲಿಲ್ಲ ಮಗಾ. ವರುಣ ದೊಡ್ಡವನಾಗಿದ್ದ. ಬೆಳಿಗ್ಗೆ ಎದ್ದು ಈ ಮನುಷ್ಯನ ಹೋಟೆಲಿಗೆ ಹಿಟ್ಟು ರುಬ್ಬಿ ರುಬ್ಬಿ ಸಾಕಾಗಿತ್ತು. ಗೊತ್ತಿದ್ದಿದ್ರೆ ನಾನೇ ಸಹಿ ಹಾಕಿ ಬರ್ತಿದ್ದೆ." ಕುಸುಮಾವತಿ ನೀರು ಕುಡಿದರು. "ಸುಳ್ಳು ಹೇಳ್ಲಾರೆ."

ಹರ್ಷಿಣಿಯ ಕಣ್ಣಲ್ಲಿ ನೀರು ಬಂತು. ಆದರೆ ಅವಳು ಎದ್ದು ಹೋಗಲಿಲ್ಲ.

"ಇನ್ನೂ ಒಂದು ಉಂಟು" ಎಂದರು ಕುಸುಮಾವತಿ. "ಅವತ್ತು ಬೇಕಾ ಅಂತ ಯಾರೂ ಕೇಳ್ಲಿಲ್ಲ. ಸರಿ. ನೀನು ಹುಟ್ಟಿದ ಮೇಲಾದ್ರೂ, ಈಗ ನಿಂಗೆ ಹೇಗನ್ನಿಸ್ತದೆ ಅಂತ ಒಬ್ರೂ ಬಂದು ಕೇಳ್ಲಿಲ್ಲ ಮಗಾ. ಕೇಳಿದ್ದಿದ್ರೆ ಎಷ್ಟು ಚಂದ ಹೇಳ್ತಿದ್ದೆ."

ಹರಿದಾಸರ ಕೈ ತಟ್ಟೆಯಲ್ಲೇ ಒಣಗುತ್ತಿತ್ತು. ಹರ್ಷಿಣಿ ಕಣ್ಣೊರೆಸಿಕೊಂಡು, ಕೂತಲ್ಲಿಂದಲೇ ಅಮ್ಮನ ಹತ್ತಿರಕ್ಕೆ ಜರುಗಿದಳು.

"ನಾನು ಕೇಳ್ತಿದ್ದೇನಲ್ಲ," ಎಂದಳು. "ಹೇಳು."